ಹೊಲಿಗೆಯನ್ನೇ ಅರಗಿಸುವ ಗ್ರಂಥಿ

ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ಅಳಿವು ಉಳಿವು ತೀರ್ಮಾನವಾಗುವುದು ಬಹುಪಾಲು ಆಪರೇಷನ್ ಥಿಯೇಟರಿನ ಹೊರಗೆ, ಅನಂತರದ ಹದಿನೈದು ದಿನಗಳಲ್ಲಿ. ಆ ದಿನಗಳಲ್ಲಿ ಏನಾಗುತ್ತದೆ? ತೊಡಕುಗಳನ್ನು ತಡೆಯುವುದು ಹೇಗೆ?

ಅದು 1934ನೇ ಇಸವಿ. ನ್ಯೂಯಾರ್ಕ್‌ನ ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯಲ್ಲಿ ಆಲನ್ ವಿಪಲ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ಗಡ್ಡೆಯಿದ್ದ ರೋಗಿಯೊಬ್ಬರ ಸಣ್ಣ ಕರುಳಿನ ಮೊದಲ ಭಾಗವನ್ನೂ ಅದಕ್ಕೆ ಅಂಟಿಕೊಂಡಿದ್ದ ಮೇದೋಜೀರಕ ಗ್ರಂಥಿಯ ತುಣುಕನ್ನೂ ಕತ್ತರಿಸಿ ತೆಗೆದರು. ಎರಡು ದಿನ ತುಂಬುವ ಮೊದಲೇ ರೋಗಿ ತೀರಿಕೊಂಡರು. ಕರುಳಿಗೆ ಹಾಕಿದ್ದ ಹೊಲಿಗೆ ಬಿಟ್ಟುಹೋಗಿತ್ತು. ಹೊಲಿಯಲು ಬಳಸಿದ್ದು ‘ಕ್ಯಾಟ್‌ಗಟ್’, ಅಂದರೆ ಕುರಿ ಅಥವಾ ದನದ ಕರುಳಿನಿಂದ ತಯಾರಿಸಿದ ದಾರ. ತಿಂದ ಮಾಂಸವನ್ನು ಅರಗಿಸುವ ಹಾಗೆಯೇ ಮೇದೋಜೀರಕ ರಸವು ಆ ದಾರವನ್ನೂ ಅರಗಿಸಿಬಿಟ್ಟಿತ್ತು!

ಮುಂದಿನ ರೋಗಿಗಳಿಗೆ ವಿಪಲ್ ರೇಷ್ಮೆಯ ದಾರ ಬಳಸಿದರು. ರೇಷ್ಮೆಯೂ ಪ್ರೋಟೀನಿನದೇ ಎಳೆ. ಆದರೆ ಬಿಗಿಯಾಗಿ ಹೆಣೆದುಕೊಂಡ ಅದರ ರಚನೆ ಈ ರಸಕ್ಕೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಹೊಲಿಗೆ ನಿಂತಿತು. 1935ರಲ್ಲಿ ವಿಪಲ್ ಮತ್ತು ಸಂಗಡಿಗರು ಈ ಶಸ್ತ್ರಕ್ರಿಯೆಯ ವರದಿಯನ್ನು ಪ್ರಕಟಿಸಿದರು. ಈಗಲೂ ಇದನ್ನು ‘ವಿಪಲ್ ಶಸ್ತ್ರಕ್ರಿಯೆ’ ಎಂದೇ ಕರೆಯುತ್ತಾರೆ.

ಹೊಟ್ಟೆಯ ಬೇರೆ ಅಂಗಗಳನ್ನು ಕತ್ತರಿಸಿ ಹೊಲಿದರೆ ಗಾಯ ಸಾಮಾನ್ಯವಾಗಿ ತನ್ನ ಪಾಡಿಗೆ ತಾನು ಮಾಯುತ್ತದೆ. ಮೇದೋಜೀರಕದ ವಿಷಯ ಹಾಗಲ್ಲ. ಇಲ್ಲಿ ಗಾಯ ಮಾಯಬೇಕಾದ ಜಾಗದಲ್ಲೇ ಗಾಯವನ್ನು ತಿನ್ನುವ ರಸ ಹರಿಯುತ್ತಿರುತ್ತದೆ. ಈ ಶಸ್ತ್ರಕ್ರಿಯೆಯ ಬಹುಪಾಲು ತೊಡಕುಗಳ ಮೂಲ ಇಲ್ಲಿದೆ.

ಮಲಗಿರುವ ಕಿಣ್ವ

ಮೇದೋಜೀರಕ ಗ್ರಂಥಿ ಜಠರದ ಹಿಂಬದಿಯಲ್ಲಿ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿದಂತೆ ಇದೆ. ಸುಮಾರು ಒಂದು ಗೇಣು ಉದ್ದ, ನೂರು ಗ್ರಾಂಗೂ ಕಡಿಮೆ ತೂಕ. ಅದರ ‘ತಲೆ’ ಬಲಗಡೆ ಸಣ್ಣ ಕರುಳಿನ ಮೊದಲ ಬಾಗಿನೊಳಗೆ ಕೂತಿದ್ದರೆ ‘ಬಾಲ’ ಎಡಗಡೆ ಗುಲ್ಮವನ್ನು ಮುಟ್ಟುತ್ತದೆ. ರಕ್ತಕ್ಕೆ ಇನ್ಸುಲಿನ್ ಮುಂತಾದ ಹಾರ್ಮೋನುಗಳನ್ನು ಸೇರಿಸುವುದು ಇದರ ಒಂದು ಕೆಲಸ. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಜೀರ್ಣರಸವನ್ನು ಕರುಳಿಗೆ ಸುರಿಸುವುದು ಇನ್ನೊಂದು.

ಪ್ರೋಟೀನನ್ನು ಒಡೆಯುವ ರಸ ಗ್ರಂಥಿಯನ್ನೇ ಏಕೆ ತಿನ್ನುವುದಿಲ್ಲ ಎಂಬ ಪ್ರಶ್ನೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಏಳಬಹುದು. ಪ್ರಕೃತಿ ಇದಕ್ಕೊಂದು ಉಪಾಯ ಮಾಡಿದೆ. ಗ್ರಂಥಿಯಲ್ಲಿ ತಯಾರಾಗುವುದು ಟ್ರಿಪ್ಸಿನ್ ಅಲ್ಲ, ಟ್ರಿಪ್ಸಿನೋಜನ್ ಎಂಬ ಅದರ ನಿಷ್ಕ್ರಿಯ ರೂಪ. ಒರೆಯಲ್ಲಿಟ್ಟ ಕತ್ತಿಯ ಹಾಗೆ. ಅದು ನಾಳದ ಮೂಲಕ ಹರಿದು ಕರುಳನ್ನು ಸೇರಿದಾಗ, ಕರುಳಿನ ಗೋಡೆಯಲ್ಲಿರುವ ಎಂಟೆರೋಕೈನೇಸ್ ಎಂಬ ಕಿಣ್ವ ಒರೆಯನ್ನು ಕಳಚುತ್ತದೆ. ಒಮ್ಮೆ ಒಂದಿಷ್ಟು ಟ್ರಿಪ್ಸಿನ್ ಎಚ್ಚೆತ್ತರೆ ಸಾಕು, ಅದು ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ. ಈ ಎಚ್ಚರ ಕರುಳಿನ ಕೊಳವೆಯೊಳಗೆ ಆದರೆ ಊಟ ಜೀರ್ಣವಾಗುತ್ತದೆ. ಕೊಳವೆಯ ಹೊರಗೆ ಆದರೆ ಅನಾಹುತ.

ಶಸ್ತ್ರಚಿಕಿತ್ಸೆಯ ನಂತರ ಆಗಬಾರದೆಂದು ವೈದ್ಯರು ಹೆದರುವುದು ಇದಕ್ಕೇ. ಗ್ರಂಥಿ ಮತ್ತು ಕರುಳನ್ನು ಜೋಡಿಸಿದ ಹೊಲಿಗೆ ಸ್ವಲ್ಪ ಸಡಿಲವಾದರೂ ರಸ ಹೊಟ್ಟೆಯೊಳಗೆ ಸೋರುತ್ತದೆ, ಕರುಳಿನ ದ್ರವದೊಂದಿಗೆ ಬೆರೆತು ಎಚ್ಚೆತ್ತುಕೊಳ್ಳುತ್ತದೆ. ಆಮೇಲೆ ಅದಕ್ಕೆ ಅನ್ನವೂ ಒಂದೇ, ರಕ್ತನಾಳದ ಗೋಡೆಯೂ ಒಂದೇ.

ಯಾರಿಗೆ ಈ ಶಸ್ತ್ರಚಿಕಿತ್ಸೆ?

ಗ್ರಂಥಿಯ ತಲೆಯಲ್ಲಿ ಅಥವಾ ಪಿತ್ತನಾಳದ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದವರಿಗೆ ವಿಪಲ್ ಶಸ್ತ್ರಕ್ರಿಯೆ ಬೇಕಾಗುತ್ತದೆ. ಇಂಥವರಲ್ಲಿ ಅನೇಕರು ಮೊದಲು ಡಾಕ್ಟರ ಬಳಿ ಬರುವುದು ಕಾಮಾಲೆಗೆಂದು. ಗಡ್ಡೆ ಪಿತ್ತನಾಳವನ್ನು ಒತ್ತುವುದರಿಂದ ಕಣ್ಣು, ಮೈ ಹಳದಿಯಾಗುತ್ತವೆ. ನೋವಿಲ್ಲದ ಕಾಮಾಲೆಗೆ ನಾಟಿ ಔಷಧಿ ಕುಡಿಯುತ್ತ ತಿಂಗಳುಗಟ್ಟಲೆ ಕಾಯುವುದರಿಂದ ಆಗುವ ನಷ್ಟ ಇಲ್ಲಿಂದಲೇ ಶುರು.

ಗಡ್ಡೆ ಬಾಲದ ಕಡೆಗಿದ್ದರೆ ಆ ಭಾಗವನ್ನು, ಕೆಲವೊಮ್ಮೆ ಗುಲ್ಮದೊಂದಿಗೆ, ತೆಗೆಯುತ್ತಾರೆ. ಗ್ರಂಥಿಯ ದೀರ್ಘಕಾಲದ ಊತದಿಂದ ನಾಳದಲ್ಲಿ ಕಲ್ಲುಗಟ್ಟಿ ತಡೆಯಲಾರದ ನೋವು ಅನುಭವಿಸುವವರಿಗೂ ಶಸ್ತ್ರಚಿಕಿತ್ಸೆ ಮಾಡುವುದುಂಟು. ಇದಕ್ಕೆ ಮದ್ಯಪಾನ ದೊಡ್ಡ ಕಾರಣ. ಆದರೆ ಮದ್ಯವನ್ನು ಮುಟ್ಟದ ಹದಿಹರೆಯದವರಲ್ಲೂ ಬರುವ ಒಂದು ಬಗೆ ದಕ್ಷಿಣ ಭಾರತದಲ್ಲಿ, ಮುಖ್ಯವಾಗಿ ಕೇರಳದಲ್ಲಿ, ಬಹಳ ಹಿಂದೆಯೇ ಗುರುತಿಸಲ್ಪಟ್ಟಿದೆ. ಇನ್ನು ಮಕ್ಕಳಲ್ಲಿ ಸೈಕಲ್ಲಿನಿಂದ ಬಿದ್ದಾಗ ಹ್ಯಾಂಡಲ್ ಹೊಟ್ಟೆಗೆ ಬಲವಾಗಿ ಚುಚ್ಚಿದರೆ ಗ್ರಂಥಿ ಬೆನ್ನುಮೂಳೆಗೆ ಒತ್ತಿ ಜಜ್ಜಿಹೋಗಬಹುದು. ಹೊರಗೆ ಗಾಯವೇ ಕಾಣದಿರಬಹುದು. ಹಾಗೆ ಬಿದ್ದ ಮಗು ಆಮೇಲೆ ಹೊಟ್ಟೆನೋವು, ವಾಂತಿ ಎಂದರೆ ತಂದೆತಾಯಿ ಅಸಡ್ಡೆ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿಪಲ್ ಶಸ್ತ್ರಕ್ರಿಯೆ ಹೊಟ್ಟೆಯ ಅತಿ ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಒಂದು. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೊನೆ, ಹಲವರಲ್ಲಿ ಜಠರದ ಒಂದಂಶ – ಇವೆಲ್ಲ ಹೊರಗೆ ಬರುತ್ತವೆ. ಆಮೇಲೆ ಉಳಿದ ಗ್ರಂಥಿ, ಪಿತ್ತನಾಳ ಮತ್ತು ಜಠರ, ಈ ಮೂರನ್ನೂ ಸಣ್ಣ ಕರುಳಿಗೆ ಮತ್ತೆ ಜೋಡಿಸಬೇಕು. ಮೂರು ಜೋಡಣೆಗಳಲ್ಲಿ ಪಿತ್ತನಾಳದ್ದೂ ಜಠರದ್ದೂ ಸಾಮಾನ್ಯವಾಗಿ ನಿಲ್ಲುತ್ತವೆ. ಕಾಡುವುದು ಗ್ರಂಥಿಯದು.

ಇಲ್ಲೊಂದು ವಿಚಿತ್ರವಿದೆ. ರೋಗದಿಂದ ಗಟ್ಟಿಯಾದ ಗ್ರಂಥಿಗೆ ಹೊಲಿಗೆ ಚೆನ್ನಾಗಿ ಹಿಡಿಯುತ್ತದೆ. ಆರೋಗ್ಯವಂತ, ಮೃದುವಾದ ಗ್ರಂಥಿಗೆ ಹೊಲಿಗೆ ಹಾಕುವುದು ಗಿಣ್ಣಿಗೆ ಹೊಲಿಗೆ ಹಾಕಿದಂತೆ, ದಾರವೇ ಅದನ್ನು ಸೀಳುತ್ತದೆ. ಅದರ ನಾಳವೂ ಎರಡು ಮೂರು ಮಿಲಿಮೀಟರಿನಷ್ಟು ಕಿರಿದು. ಹಾಗಾಗಿ ಗ್ರಂಥಿ ಮೃದುವಾಗಿದ್ದಷ್ಟೂ, ನಾಳ ಕಿರಿದಾಗಿದ್ದಷ್ಟೂ ಸೋರುವ ಭಯ ಹೆಚ್ಚು.

ಶಸ್ತ್ರವನ್ನೇ ಕೆಳಗಿಡುವ ಮಾತು

ವಿಪಲ್‌ಗಿಂತ ಮುಂಚೆಯೂ ಪ್ರಯತ್ನಗಳು ನಡೆದಿದ್ದವು. 1898ರಲ್ಲಿ ಇಟಲಿಯ ಇಮೋಲಾದಲ್ಲಿ ಅಲೆಸ್ಸಾಂಡ್ರೋ ಕೊಡಿವಿಲ್ಲಾ ಇಂಥ ಶಸ್ತ್ರಕ್ರಿಯೆ ಮಾಡಿದಾಗ ರೋಗಿ ಒಂದು ತಿಂಗಳೂ ಬದುಕಲಿಲ್ಲ. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಷ್ ಎರಡು ಹಂತಗಳಲ್ಲಿ ಮಾಡಿದ ಶಸ್ತ್ರಕ್ರಿಯೆಯ ನಂತರ ರೋಗಿ ಕೆಲವು ತಿಂಗಳು ಬದುಕಿದ್ದರು.

ಆಗ ಇದ್ದ ಇನ್ನೊಂದು ದೊಡ್ಡ ಅಡ್ಡಿ ರಕ್ತಸ್ರಾವ. ಕಾಮಾಲೆ ರೋಗಿಗಳಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿರಲಿಲ್ಲ. ಕಾರಣ ಗೊತ್ತಾದದ್ದು ಕೋಳಿಮರಿಗಳಿಂದ! ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ರಕ್ತ ಸೋರುವುದನ್ನು ಗಮನಿಸಿ, ಅದನ್ನು ತಡೆಯುವ ವಸ್ತುವಿಗೆ 1935ರಲ್ಲಿ ‘ವಿಟಮಿನ್ ಕೆ’ ಎಂದು ಹೆಸರಿಟ್ಟರು. ಈ ವಿಟಮಿನ್ ಕರುಳಿನಿಂದ ರಕ್ತಕ್ಕೆ ಸೇರಲು ಪಿತ್ತರಸ ಬೇಕು. ಪಿತ್ತನಾಳ ಕಟ್ಟಿಕೊಂಡವರಿಗೆ ಅದು ದಕ್ಕುವುದಿಲ್ಲ. ಮುಂದೆ ವಿಟಮಿನ್ ಕೆ ಚುಚ್ಚುಮದ್ದಾಗಿ ಸಿಗತೊಡಗಿದ ಮೇಲೆ ಕಾಮಾಲೆ ರೋಗಿಗಳ ಮೇಲೂ ಧೈರ್ಯವಾಗಿ ಕತ್ತರಿ ಆಡಿಸುವಂತಾಯಿತು. 1943ರ ನೊಬೆಲ್ ಪ್ರಶಸ್ತಿಯನ್ನು ಡಾಮ್ ಅವರೂ ಅಮೆರಿಕದ ಎಡ್ವರ್ಡ್ ಡಾಯ್ಸಿಯವರೂ ಹಂಚಿಕೊಂಡರು.

ಆದರೂ ಸಾವು ಇಳಿಯಲಿಲ್ಲ. 1960ರ ದಶಕದಲ್ಲೂ ವಿಪಲ್ ಶಸ್ತ್ರಕ್ರಿಯೆಗೆ ಒಳಗಾದ ನಾಲ್ಕೈದು ಮಂದಿಯಲ್ಲಿ ಒಬ್ಬರು ಆಸ್ಪತ್ರೆಯಿಂದ ಮನೆಗೆ ಮರಳುತ್ತಿರಲಿಲ್ಲ. ಅಮೆರಿಕದ ಹೆಸರಾಂತ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಜೂನಿಯರ್ 1970ರಲ್ಲಿ, ಗಡ್ಡೆಯನ್ನು ತೆಗೆಯುವ ಸಾಹಸಕ್ಕಿಂತ ಪಿತ್ತರಸಕ್ಕೆ ಬೇರೆ ದಾರಿ ಮಾಡಿಕೊಟ್ಟು ರೋಗಿಯನ್ನು ನೆಮ್ಮದಿಯಾಗಿಡುವುದೇ ಮೇಲು ಎಂದು ವಾದಿಸಿದರು. ಆ ಕಾಲದ ಅಂಕಿಅಂಶ ನೋಡಿದರೆ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಇದಾದ ಇಪ್ಪತ್ತಮೂರು ವರ್ಷಕ್ಕೆ, 1993ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಜಾನ್ ಕ್ಯಾಮರಾನ್ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ಒಂದರ ಹಿಂದೆ ಒಂದರಂತೆ 145 ವಿಪಲ್ ಶಸ್ತ್ರಕ್ರಿಯೆಗಳು, ಒಂದೂ ಸಾವಿಲ್ಲ!

ಅದೇ ಗ್ರಂಥಿ, ಅದೇ ರಸ. ಬದಲಾದದ್ದೇನು?

ಕೈ ಪಳಗಿದಷ್ಟೂ

ಮೊದಲ ಉತ್ತರ ಸರಳ. ಆ ಆಸ್ಪತ್ರೆಯಲ್ಲಿ ಈ ಶಸ್ತ್ರಕ್ರಿಯೆ ಮೇಲಿಂದ ಮೇಲೆ ನಡೆಯುತ್ತಿತ್ತು. ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇರುವ ಹಿರಿಯ ರೋಗಿಗಳ ದಾಖಲೆಗಳನ್ನು ಜಾನ್ ಬರ್ಕ್‌ಮೈಯರ್ ಮತ್ತು ಸಂಗಡಿಗರು ಪರಿಶೀಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇದೋಜೀರಕದ ಶಸ್ತ್ರಕ್ರಿಯೆ ವರ್ಷಕ್ಕೆ ಒಂದೂ ನಡೆಯದಂಥ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 16.3. ವರ್ಷಕ್ಕೆ 16ಕ್ಕಿಂತ ಹೆಚ್ಚು ನಡೆಯುವ ಆಸ್ಪತ್ರೆಗಳಲ್ಲಿ ಶೇ 3.8. ಅವರು ಪರಿಶೀಲಿಸಿದ ದೊಡ್ಡ ಶಸ್ತ್ರಕ್ರಿಯೆಗಳಲ್ಲೆಲ್ಲ ಅತಿ ದೊಡ್ಡ ಅಂತರ ಕಂಡದ್ದು ಇದರಲ್ಲೇ.

ಇದನ್ನು ಕೇಳಿದವರು ‘ಹಾಗಾದರೆ ಅನುಭವಿ ಸರ್ಜನ್ ಹೊಲಿದರೆ ಸೋರುವುದಿಲ್ಲ’ ಎಂದುಕೊಳ್ಳುವುದು ಸಹಜ. ನಿಜಸ್ಥಿತಿ ಹಾಗಿಲ್ಲ. ಜಗತ್ತಿನ ಅತ್ಯುತ್ತಮ ಆಸ್ಪತ್ರೆಗಳಲ್ಲೂ ಸೋರಿಕೆ ಪೂರ್ತಿ ನಿಂತಿಲ್ಲ. ಕೈ ಎಷ್ಟೇ ಪಳಗಿರಲಿ, ಮೃದು ಗ್ರಂಥಿ ತನ್ನ ಗುಣ ಬಿಡುವುದಿಲ್ಲ. ಅಂದಮೇಲೆ ಒಳ್ಳೆಯ ಆಸ್ಪತ್ರೆಯಲ್ಲಿ ಸಾವು ಕಡಿಮೆಯಾಗುವುದು ಹೇಗೆ?

ತೊಡಕು ಒಂದು, ಸಾವು ಇನ್ನೊಂದು

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶಸ್ತ್ರವೈದ್ಯರು ತಮ್ಮ ಲೆಕ್ಕದ ಪುಸ್ತಕವನ್ನು ಬೇರೆ ರೀತಿಯಲ್ಲಿ ಓದಿದಾಗ. 1992ರಲ್ಲಿ ಅಮೆರಿಕದ ಜೆಫ್ರಿ ಸಿಲ್ಬರ್ ಮತ್ತು ಸಂಗಡಿಗರು ಒಂದು ಹೊಸ ಅಳತೆಗೋಲನ್ನು ಮುಂದಿಟ್ಟರು. ಎಷ್ಟು ಜನರಿಗೆ ತೊಡಕಾಯಿತು ಎಂಬುದು ಒಂದು ಲೆಕ್ಕ. ತೊಡಕಾದವರಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬುದು ಬೇರೆಯೇ ಲೆಕ್ಕ.

2009ರಲ್ಲಿ ಅಮೀರ್ ಗಫೇರಿ ಮತ್ತು ಸಂಗಡಿಗರು 84 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳಿಗೆ ಈ ಅಳತೆಗೋಲು ಹಿಡಿದರು. ಇವು ಮೇದೋಜೀರಕದವು ಮಾತ್ರವಲ್ಲ, ನಾನಾ ಬಗೆಯ ಶಸ್ತ್ರಕ್ರಿಯೆಗಳು. ಸಾವು ಅತಿ ಕಡಿಮೆಯಿದ್ದ ಆಸ್ಪತ್ರೆಗಳಲ್ಲಿ ಶೇ 24.6 ರೋಗಿಗಳಿಗೆ ತೊಡಕಾಗಿತ್ತು. ಸಾವು ಅತಿ ಹೆಚ್ಚಿದ್ದ ಆಸ್ಪತ್ರೆಗಳಲ್ಲಿ ಶೇ 26.9. ಎರಡೂ ಹೆಚ್ಚುಕಡಿಮೆ ಒಂದೇ! ಆದರೆ ಗಂಭೀರ ತೊಡಕಾದವರಲ್ಲಿ ತೀರಿಕೊಂಡವರು ಮೊದಲ ಗುಂಪಿನ ಆಸ್ಪತ್ರೆಗಳಲ್ಲಿ ಶೇ 12.5, ಎರಡನೆಯ ಗುಂಪಿನಲ್ಲಿ ಶೇ 21.4.

ಒಳ್ಳೆಯ ಆಸ್ಪತ್ರೆಯಲ್ಲೂ ತೊಡಕುಗಳು ಬರುತ್ತವೆ. ಅಲ್ಲಿ ಅವು ಬೇಗ ಕಣ್ಣಿಗೆ ಬೀಳುತ್ತವೆ. ಬಿದ್ದ ತಕ್ಷಣ ಯಾರೋ ಏನೋ ಮಾಡುತ್ತಾರೆ. ವ್ಯತ್ಯಾಸವಿರುವುದು ಇಷ್ಟರಲ್ಲೇ.

ಒಂದು ದೇಶದ ಪ್ರಯೋಗ

ಈ ತಿಳಿವಳಿಕೆಯನ್ನು ನೆದರ್ಲೆಂಡ್ಸ್ ಇಡೀ ದೇಶದ ಮಟ್ಟದಲ್ಲಿ ಪರೀಕ್ಷೆಗೆ ಒಡ್ಡಿತು. 2018 ಮತ್ತು 2019ರಲ್ಲಿ ಅಲ್ಲಿ ಮೇದೋಜೀರಕ ಶಸ್ತ್ರಕ್ರಿಯೆ ನಡೆಸುವ ಹದಿನೇಳು ಕೇಂದ್ರಗಳೂ ಇದರಲ್ಲಿ ಭಾಗವಹಿಸಿದವು. ಮೊದಲು ಎಲ್ಲ ಕಡೆ ಎಂದಿನ ಆರೈಕೆ. ಆಮೇಲೆ ಒಂದೊಂದಾಗಿ ಕೇಂದ್ರಗಳು ಹೊಸ ಕ್ರಮಕ್ಕೆ ಬದಲಾದವು.

ಹೊಸ ಕ್ರಮದಲ್ಲಿ ಹೊಸ ಔಷಧಿಯಾಗಲಿ ಹೊಸ ಯಂತ್ರವಾಗಲಿ ಇರಲಿಲ್ಲ. ಇದ್ದದ್ದು ದಿನವೂ ತಪ್ಪದೆ ನೋಡಬೇಕಾದ ಸಂಗತಿಗಳ ಪಟ್ಟಿ. ರೋಗಿಯ ಸ್ಥಿತಿ ಹೇಗಿದೆ? ರಕ್ತದಲ್ಲಿ ಸೋಂಕಿನ ಗುರುತುಗಳು ಏರುತ್ತಿವೆಯೇ? ಡ್ರೇನ್ ಕೊಳವೆಯಲ್ಲಿ ಬರುತ್ತಿರುವುದು ಎಂಥ ದ್ರವ? ಈ ಉತ್ತರಗಳ ಮೇಲೆ ಮುಂದಿನ ಹೆಜ್ಜೆ ಮೊದಲೇ ಗೊತ್ತಾಗಿತ್ತು. ಯಾವಾಗ ಸಿ.ಟಿ. ಸ್ಕ್ಯಾನ್ ಮಾಡಬೇಕು, ಯಾವಾಗ ಆ್ಯಂಟಿಬಯಾಟಿಕ್ ಕೊಡಬೇಕು, ಯಾವಾಗ ಸ್ಕ್ಯಾನಿನ ಸಹಾಯದಿಂದ ಸಣ್ಣ ಕೊಳವೆ ತೂರಿಸಿ ಒಳಗೆ ನಿಂತ ದ್ರವವನ್ನು ಹೊರತೆಗೆಯಬೇಕು, ಯಾವಾಗ ಡ್ರೇನ್ ತೆಗೆಯಬೇಕು ಎಂಬುದು ಅಂದು ಯಾವ ಡಾಕ್ಟರು ಡ್ಯೂಟಿಯಲ್ಲಿದ್ದಾರೆ ಎಂಬುದನ್ನು ಅವಲಂಬಿಸಿರಲಿಲ್ಲ.

2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಟ್ಟು 1,748 ರೋಗಿಗಳು. ಮಧ್ಯಪ್ರವೇಶ ಬೇಕಾಗುವಷ್ಟು ರಕ್ತಸ್ರಾವ, ಅಂಗವೈಫಲ್ಯ ಅಥವಾ 90 ದಿನಗಳೊಳಗೆ ಸಾವು – ಇವುಗಳಲ್ಲಿ ಒಂದಕ್ಕಾದರೂ ತುತ್ತಾದವರು ಎಂದಿನ ಆರೈಕೆಯಲ್ಲಿ ಶೇ 14, ಹೊಸ ಕ್ರಮದಲ್ಲಿ ಶೇ 8. ಎಂದಿನ ಆರೈಕೆ ಪಡೆದ 885 ಮಂದಿಯಲ್ಲಿ 44 ಜನ 90 ದಿನಗಳೊಳಗೆ ತೀರಿಕೊಂಡಿದ್ದರೆ, ಹೊಸ ಕ್ರಮದ 863 ಮಂದಿಯಲ್ಲಿ ತೀರಿಕೊಂಡವರು 23. ದಿನವೂ ನೋಡಿದ್ದರಿಂದ, ಕಂಡದ್ದಕ್ಕೆ ತಡಮಾಡದೆ ಸ್ಪಂದಿಸಿದ್ದರಿಂದ ಸಾವು ಅರ್ಧದಷ್ಟು ಇಳಿದಿತ್ತು.

ಬರುವ ಮುನ್ನವೇ ತಡೆಯಲು

ಹಾಗೆಂದು ತೊಡಕು ಬರಲಿ, ಆಮೇಲೆ ನೋಡಿಕೊಳ್ಳೋಣ ಎನ್ನುವಂತಿಲ್ಲ. ಮುಂಜಾಗ್ರತೆಯಿಂದ ತಡೆಯಬಹುದಾದವೂ ಇವೆ.

ಕಾಮಾಲೆ ಇದ್ದವರಿಗೆ ಶಸ್ತ್ರಕ್ರಿಯೆಗೆ ಮುಂಚೆ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿ, ಹಳದಿ ಇಳಿಸಿ, ಆಮೇಲೆ ಶಸ್ತ್ರಕ್ರಿಯೆ ಮಾಡುವುದು ಒಳ್ಳೆಯದೆಂದು ಬಹುಕಾಲ ನಂಬಲಾಗಿತ್ತು. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಇನ್ನೊಂದು ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ನೇರವಾಗಿ ಶಸ್ತ್ರಕ್ರಿಯೆಗೆ ಹೋದವರಲ್ಲಿ ಗಂಭೀರ ತೊಡಕುಗಳು ಶೇ 39, ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ 74. ಸ್ಟೆಂಟಿನ ಮೂಲಕ ಕರುಳಿನ ಸೂಕ್ಷ್ಮಜೀವಿಗಳು ಪಿತ್ತನಾಳಕ್ಕೆ ಹತ್ತಿ ಸೋಂಕು ತರುತ್ತವೆ. ಕಾಮಾಲೆ ವಿಪರೀತವಾಗಿದ್ದರೆ, ಜ್ವರವಿದ್ದರೆ ಅಥವಾ ಮೊದಲು ಕೀಮೋಥೆರಪಿ ಬೇಕಿದ್ದರೆ ಸ್ಟೆಂಟ್ ಅನಿವಾರ್ಯ. ಉಳಿದವರಿಗೆ ಅದು ನಿಜಕ್ಕೂ ಬೇಕೇ ಎಂದು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಶಸ್ತ್ರಕ್ರಿಯೆಯ ಹೊತ್ತಿಗೆ ಕೊಡುವ ಆ್ಯಂಟಿಬಯಾಟಿಕ್ ಯಾವುದು ಎಂಬುದೂ ಮುಖ್ಯ. ಅಮೆರಿಕ ಮತ್ತು ಕೆನಡಾದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೂಢಿಯಲ್ಲಿದ್ದ ಸೆಫಾಕ್ಸಿಟಿನ್ ಪಡೆದವರಲ್ಲಿ ಶೇ 32.8 ಮಂದಿಗೆ ಗಾಯದ ಸೋಂಕಾದರೆ, ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಪಡೆದವರಲ್ಲಿ ಶೇ 19.8 ಮಂದಿಗೆ ಆಯಿತು.

ಹೊಟ್ಟೆಯಲ್ಲಿಟ್ಟ ಡ್ರೇನ್ ಕೊಳವೆ ಇಬ್ಬಾಯಿಯ ಕತ್ತಿ. ಸೋರಿಕೆಯನ್ನು ಹೊರಗೆ ತೋರಿಸುವುದೂ ಅದೇ, ಹೆಚ್ಚು ದಿನ ಬಿಟ್ಟರೆ ಸೋಂಕಿಗೆ ದಾರಿಯಾಗುವುದೂ ಅದೇ. ಇಟಲಿಯ ವೆರೋನಾದ ವೈದ್ಯರು 2010ರಲ್ಲಿ ವರದಿ ಮಾಡಿದಂತೆ, ಮೊದಲ ದಿನದ ಡ್ರೇನ್ ದ್ರವದಲ್ಲಿ ಅಮೈಲೇಸ್ ಪ್ರಮಾಣ ಕಡಿಮೆಯಿದ್ದ ರೋಗಿಗಳಲ್ಲಿ ಮೂರನೇ ದಿನಕ್ಕೆ ಕೊಳವೆ ತೆಗೆದಾಗ ಶೇ 1.8 ಮಂದಿಗೆ ಸೋರಿಕೆಯಾಯಿತು. ಐದು ದಿನ ಅಥವಾ ಅದಕ್ಕೂ ಹೆಚ್ಚು ಬಿಟ್ಟವರಲ್ಲಿ ಇದು ಶೇ 26.

ಗ್ರಂಥಿಯ ರಸವನ್ನೇ ತಗ್ಗಿಸುವ ಔಷಧಿಗಳೂ ಉಂಟು. ಪಾಸಿರಿಯೋಟೈಡ್ ಎಂಬುದನ್ನು ನ್ಯೂಯಾರ್ಕಿನಲ್ಲಿ 300 ರೋಗಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಗಂಭೀರ ಸೋರಿಕೆ, ಕೀವುಗಳ ಪ್ರಮಾಣ ಶೇ 21ರಿಂದ ಶೇ 9ಕ್ಕೆ ಇಳಿದಿತ್ತು. ಆದರೆ ಬೇರೆಡೆ ಬಳಸಿದಾಗ ಎಲ್ಲರಿಗೂ ಅಂಥ ಫಲ ಕಾಣಲಿಲ್ಲ. ಮಾತ್ರೆಯಿಂದಲೇ ಎಲ್ಲ ಸರಿಹೋಗುವ ಕಾಲ ಇನ್ನೂ ಬಂದಿಲ್ಲ.

ರೋಗಿಯ ಪಾಲಿನ ಕೆಲಸವೂ ಇದೆ. ಬೀಡಿ, ಸಿಗರೇಟುಗಳನ್ನು ಶಸ್ತ್ರಕ್ರಿಯೆಗೆ ನಾಲ್ಕು ವಾರ ಮೊದಲಾದರೂ ಬಿಟ್ಟರೆ ಶ್ವಾಸಕೋಶದ ಸೋಂಕು ಕಡಿಮೆಯಾಗುತ್ತದೆ, ಗಾಯವೂ ಬೇಗ ಕೂಡುತ್ತದೆ. ಕಾಮಾಲೆ ಬಂದಿದೆಯೆಂದು ಬರೀ ಗಂಜಿ, ಉಪ್ಪಿಲ್ಲದ ಪಥ್ಯದಲ್ಲಿ ರೋಗಿಯನ್ನು ಸೊರಗಿಸುವುದು ನಮ್ಮಲ್ಲಿ ರೂಢಿ. ಸೊರಗಿದ ಮೈಯಲ್ಲಿ ಹೊಲಿಗೆ ನಿಲ್ಲುವುದು ಕಷ್ಟ. ಬೇಳೆ, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಯಾವುದು ಎಷ್ಟು ಎಂದು ಡಾಕ್ಟರನ್ನು ಕೇಳಿ ಶಕ್ತಿ ತುಂಬಿಕೊಳ್ಳಬೇಕು. ಗುಲ್ಮವನ್ನೂ ತೆಗೆಯುವುದಿದ್ದರೆ ನ್ಯೂಮೊಕಾಕಸ್, ಮೆನಿಂಜೊಕಾಕಸ್ ಮುಂತಾದ ಸೂಕ್ಷ್ಮಜೀವಿಗಳ ವಿರುದ್ಧ ಲಸಿಕೆಗಳು ಬೇಕಾಗುತ್ತವೆ. ಸಾಧ್ಯವಾದರೆ ಎರಡು ವಾರ ಮೊದಲೇ ಹಾಕಿಸಿಕೊಳ್ಳುವುದು ಲೇಸು.

ಮಂಚದ ಪಕ್ಕ ಕೂತವರಿಗೆ

ಕರ್ನಾಟಕದ ಯಾವ ಆಸ್ಪತ್ರೆಯಲ್ಲೇ ಆಗಲಿ ರೋಗಿಯ ಪಕ್ಕ ಹಗಲಿರುಳು ಇರುವುದು ಮನೆಯವರು. ಮಗನೋ ಮಗಳೋ ಪರೀಕ್ಷೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಓದುತ್ತಿರುತ್ತಾರೆ. ಅವರ ಕಣ್ಣು ಬಹಳ ಬೆಲೆಯುಳ್ಳದ್ದು, ಏನನ್ನು ನೋಡಬೇಕೆಂದು ಗೊತ್ತಿದ್ದರೆ.

ಡ್ರೇನ್ ದ್ರವ ಮೊದಲು ರಕ್ತ ಬೆರೆತ ನೀರಿನಂತಿದ್ದು ದಿನಕಳೆದಂತೆ ತಿಳಿಯಾಗಬೇಕು. ಅದು ಕಂದು ಬಣ್ಣಕ್ಕೆ ತಿರುಗಿ ಮಬ್ಬಾದರೆ, ಹಸಿರಾದರೆ, ವಾಸನೆ ಬಂದರೆ ನರ್ಸ್‌ಗೆ ತಿಳಿಸಬೇಕು. ತಿಳಿಯಾಗಿದ್ದ ಡ್ರೇನಿನಲ್ಲಿ ಕೆಲವು ದಿನಗಳ ಮೇಲೆ ಇದ್ದಕ್ಕಿದ್ದಂತೆ ಕೆಂಪು ಕಂಡರೆ, ಅದು ಒಂದು ಚಮಚದಷ್ಟೇ ಆಗಿರಲಿ, ರಾತ್ರಿ ಎರಡು ಗಂಟೆಯಾದರೂ ಡ್ಯೂಟಿ ಡಾಕ್ಟರನ್ನು ಎಬ್ಬಿಸಲೇಬೇಕು. ಸೋರಿದ ರಸ ರಕ್ತನಾಳವನ್ನು ಕೊರೆಯುತ್ತಿರುವ ಮುನ್ಸೂಚನೆ ಅದಾಗಿರಬಹುದು. ಈ ಸಣ್ಣ ಸೂಚನೆಗೂ ದೊಡ್ಡ ರಕ್ತಸ್ರಾವಕ್ಕೂ ನಡುವೆ ಕೆಲವು ಗಂಟೆಗಳ ಬಿಡುವು ಸಿಗುವುದುಂಟು. ಆ ಬಿಡುವಿನಲ್ಲಿ ಸ್ಕ್ಯಾನ್ ಮಾಡಿ, ತೊಡೆಯ ರಕ್ತನಾಳದ ಮೂಲಕ ತೆಳು ನಳಿಕೆ ತೂರಿಸಿ ಸೋರುವ ಜಾಗವನ್ನು ಮುಚ್ಚಬಹುದು.

ನಾಡಿ ಬಡಿತ ಏರುವುದು, ಉಸಿರು ಜೋರಾಗುವುದು, ಚಳಿಜ್ವರ, ಹೊಟ್ಟೆ ಉಬ್ಬರ, ಮಾತಿನಲ್ಲಿ ತಡಬಡ – ಇವೂ ಎಚ್ಚರಿಕೆಯ ಗಂಟೆಗಳೇ. ‘ಡಾಕ್ಟ್ರೇ, ನಮ್ಮಪ್ಪ ನಿನ್ನೆ ಹಾಗಿರಲಿಲ್ಲ, ಇವತ್ತು ಯಾಕೋ ಮಂಕಾಗಿದಾರೆ’ ಎಂಬ ಮನೆಯವರ ಮಾತನ್ನು ಒಳ್ಳೆಯ ವೈದ್ಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೇಳಲು ಸಂಕೋಚಪಡಬೇಕಾಗಿಲ್ಲ.

ಕೆಲವರಿಗೆ ಜಠರ ಹಲವು ದಿನ ಮುಷ್ಕರ ಹೂಡುತ್ತದೆ. ತಿಂದದ್ದು ಕೆಳಗಿಳಿಯದೆ ವಾಂತಿಯಾಗುತ್ತದೆ, ಮೂಗಿನ ನಳಿಕೆ ಮತ್ತೆ ಹಾಕಬೇಕಾಗಬಹುದು. ಇದು ಸಾಮಾನ್ಯ. ಬಹುಪಾಲು ತಾನಾಗಿ ಸರಿಹೋಗುತ್ತದೆ. ಆದರೆ ಇದರ ಹಿಂದೆ ಸೋರಿಕೆ ಅಡಗಿದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ. ಈ ದಿನಗಳಲ್ಲಿ ‘ಏನೂ ತಿಂದಿಲ್ಲವಲ್ಲ’ ಎಂಬ ಕಕ್ಕುಲಾತಿಯಿಂದ ಕೇಳದೆ ಎಳನೀರು, ಇಡ್ಲಿ ಕೊಡುವುದು ಸಲ್ಲದು.

ನೋವು ಎಂದು ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ. ಮರುದಿನದಿಂದಲೇ ಎಬ್ಬಿಸಿ ಕೂರಿಸುವುದು, ನಡೆಸುವುದು ಕ್ರೌರ್ಯವಲ್ಲ, ಚಿಕಿತ್ಸೆ. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನದಲ್ಲಿ ಉಸಿರೆಳೆದು ಚೆಂಡು ಮೇಲೇರಿಸುವ ಅಭ್ಯಾಸವನ್ನು ಗಂಟೆಗೊಮ್ಮೆ ನೆನಪಿಸುವ ಕೆಲಸವನ್ನು ಮೊಮ್ಮಕ್ಕಳಿಗೆ ಒಪ್ಪಿಸಬಹುದು!

ಮನೆಗೆ ಬಂದ ಮೇಲೆ

ಜ್ವರ, ಹೆಚ್ಚುವ ಹೊಟ್ಟೆನೋವು, ಗಾಯದಲ್ಲಿ ಕೀವು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ – ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಮರಳಬೇಕು. ಕ್ಯಾನ್ಸರ್‌ಗಾಗಿ ಶಸ್ತ್ರಕ್ರಿಯೆಯಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಚುಚ್ಚುಮದ್ದನ್ನು ಕೆಲವೊಮ್ಮೆ ನಾಲ್ಕು ವಾರ ಮುಂದುವರಿಸಬೇಕಾಗುತ್ತದೆ. ಚೆನ್ನಾಗಿದ್ದೇನೆಂದು ನಡುವೆ ನಿಲ್ಲಿಸಬಾರದು.

ಮಲ ಜಿಡ್ಡುಜಿಡ್ಡಾಗಿ ನೀರಿನಲ್ಲಿ ತೇಲುತ್ತಿದ್ದರೆ, ತಿಂದರೂ ತೂಕ ಇಳಿಯುತ್ತಿದ್ದರೆ ಜೀರ್ಣರಸ ಸಾಲುತ್ತಿಲ್ಲವೆಂದು ಅರ್ಥ. ಇದಕ್ಕೆ ಕಿಣ್ವದ ಕ್ಯಾಪ್ಸೂಲ್‌ಗಳಿವೆ. ಇವನ್ನು ಊಟದ ಜೊತೆಯಲ್ಲೇ ನುಂಗಬೇಕು. ಊಟವಾಗಿ ಗಂಟೆಯ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಇವು ಸಾಮಾನ್ಯವಾಗಿ ಹಂದಿಯ ಮೇದೋಜೀರಕದಿಂದ ತಯಾರಾಗುವುದರಿಂದ ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಮುಜುಗರವಾಗಬಹುದು. ಹೇಳದೆ ನಿಲ್ಲಿಸಿಬಿಡುವುದಕ್ಕಿಂತ ಡಾಕ್ಟರ ಹತ್ತಿರ ಮುಚ್ಚುಮರೆಯಿಲ್ಲದೆ ಮಾತಾಡುವುದು ಒಳ್ಳೆಯದು. ಗ್ರಂಥಿಯ ಭಾಗ ಹೋದದ್ದರಿಂದ ಸಕ್ಕರೆ ಕಾಯಿಲೆ ಹೊಸದಾಗಿ ಶುರುವಾಗಬಹುದು. ಆದ್ದರಿಂದ ರಕ್ತದ ಸಕ್ಕರೆಯನ್ನು ಆಗಾಗ ನೋಡಿಸಬೇಕು.

ಆಸ್ಪತ್ರೆ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಇಲ್ಲಿ ವರ್ಷಕ್ಕೆ ಎಷ್ಟು ಇಂಥ ಶಸ್ತ್ರಕ್ರಿಯೆಗಳು ನಡೆಯುತ್ತವೆ? ರಾತ್ರಿ, ಭಾನುವಾರ ತೊಂದರೆಯಾದರೆ ಸಿ.ಟಿ. ಸ್ಕ್ಯಾನ್ ಮತ್ತು ರಕ್ತಸ್ರಾವ ನಿಲ್ಲಿಸುವ ತಜ್ಞರು ಸಿಗುತ್ತಾರೆಯೇ? ಶಸ್ತ್ರಕ್ರಿಯೆಯಾದ ಮೇಲೆ ದಿನವೂ ಬಂದು ನೋಡುವವರು ಯಾರು? ಇವನ್ನು ಕೇಳುವುದು ವೈದ್ಯರ ಮೇಲೆ ಅಪನಂಬಿಕೆ ತೋರಿದಂತಲ್ಲ. ಈ ಕೆಲಸ ಬಲ್ಲ ವೈದ್ಯರು ಇವನ್ನು ತಾವೇ ಕೇಳಿಕೊಂಡಿರುತ್ತಾರೆ.

ವೈದ್ಯಕೀಯ ಓದಬೇಕೆಂದಿರುವ ವಿದ್ಯಾರ್ಥಿಗಳಿಗೆ ಸರ್ಜನ್ ಕೈಯ ಕತ್ತರಿಯೇ ದೊಡ್ಡದಾಗಿ ಕಾಣುವುದು ಸಹಜ. ನೆದರ್ಲೆಂಡ್ಸ್‌ನಲ್ಲಿ ಸಾವು ಇಳಿಸಿದ ಪಟ್ಟಿಯನ್ನು ದಿನವೂ ತುಂಬಲು ಮಂಚದ ಪಕ್ಕ ನಾಡಿ ನೋಡಿ ಬರೆದುಕೊಳ್ಳುವ ನರ್ಸ್ ಬೇಕು, ಅಮೈಲೇಸ್ ಅಳೆದು ಸಂಖ್ಯೆ ಕಳಿಸುವ ಪ್ರಯೋಗಾಲಯದ ತಂತ್ರಜ್ಞ ಬೇಕು, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಬೇಕು. ಎಂಬಿಬಿಎಸ್ ಸೀಟು ಸಿಗಲಿಲ್ಲವೆಂದು ನರ್ಸಿಂಗಿಗೋ ಲ್ಯಾಬ್ ಟೆಕ್ನಾಲಜಿಗೋ ಸೇರಿದ ಮಕ್ಕಳ ಬಗ್ಗೆ ನಿಟ್ಟುಸಿರು ಬಿಡುವ ತಂದೆತಾಯಿ ಈ ಅಂಕಿಗಳನ್ನು ಇನ್ನೊಮ್ಮೆ ಓದಬಹುದು.